ಮಂಚ ಬೇಡ, ಶಾಲೆ ಇರಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಉದ್ದದ್ದು ಮಂಗಳೂರಿನ ಓದುಗರೊಬ್ಬರದು. ಇಂಗ್ಲಿಷ್ ಟೀಚರ್ ಆಗಿದ್ದು ನಿವೃತ್ತರಾದವರು. ತಮ್ಮ ಚರ್ಚಿನ ಸಭೆಯವರ ಪರಿಚಯ ಹಿಡಿದು ಕಾಂಬೋಡಿಯಾಕ್ಕೆ ಹೋಗಿ, ಸಿಯೆಮ್ ರೀಪ್ ಹತ್ತಿರ ಕ್ರೈಸ್ತರು ನಡೆಸುವ ಒಂದು ಅನಾಥ ಮಕ್ಕಳ ಮನೆಯಲ್ಲಿ ಒಂದು ವರ್ಷ ಪಾಠ ಹೇಳಿ ಬಂದಿದ್ದಾರೆ. ಊಟ, ನಿದ್ದೆ ಎಲ್ಲ ಮಕ್ಕಳ ಜೊತೆಗೇ. ಪತ್ರದ ಕೊನೆಗೆ ಕೇಳುತ್ತಾರೆ: 'ಸೇರಿಸಿ ಅಂತ ಬರುವ ಮಕ್ಕಳು ಜಾಸ್ತಿ, ಜಾಗ ಸಾಲದು. ಇಪ್ಪತ್ತು ಮಂಚ ಹಿಡಿಸುವ ಹೊಸ ಕೋಣೆ ಕಟ್ಟಿಸಬೇಕು. ನಿಮ್ಮ ಪತ್ರಿಕೆಯಲ್ಲಿ ಒಂದು ಮನವಿ ಹಾಕುತ್ತೀರಾ? ಅಥವಾ ಕ್ರೈಸ್ತರದು ಅಂತ ಹಿಂಜರಿಯುತ್ತೀರಾ?'

ಟೀಚರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಹಿಂಜರಿಕೆ ನನಗಿಲ್ಲ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ನಿಮ್ಮೂರಿನಲ್ಲೇ ಹೊರಟಿತು. ಹೊರಡಿಸಿದ್ದು ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್. ಅವರೂ ದೂರದ ದೇಶದಿಂದ ಬಂದು ಇಲ್ಲಿನ ಹುಡುಗರಿಗೆ ಪಾಠ ಹೇಳಿದವರೇ. ಕನ್ನಡದಲ್ಲಿ ಸಂಪಾದಕನ ಕುರ್ಚಿ ಮೇಲೆ ಕೂತವನು ಆ ಋಣ ಮರೆತರೆ ಹೇಗೆ?

ನಿಮ್ಮ ಪತ್ರ ಖುಷಿ ಕೊಟ್ಟಿತು ಅಂತಲೂ ಹೇಳಿಬಿಡುತ್ತೇನೆ. ಅಲ್ಲಿನ ಸರ್ಕಾರಿ ಶಾಲೆ ಅರ್ಧ ದಿನದ್ದು, ಕೆಲವರಿಗೆ ಬೆಳಿಗ್ಗೆ, ಕೆಲವರಿಗೆ ಮಧ್ಯಾಹ್ನ. ಉಳಿದ ಅರ್ಧ ದಿನ ನಿಮ್ಮ ಇಂಗ್ಲಿಷ್ ಪಾಠ. ಬೆಳಗಿನ ಗಂಜಿಗೆ ಮಕ್ಕಳು ಒಣಮೀನು ನಂಜಿಕೊಳ್ಳುವುದು ನೋಡಿ ನಿಮಗೆ ಅಜ್ಜಿಮನೆ ನೆನಪಾಯಿತಂತೆ. ನೀವು ಪ್ರವಾಸಿಯಾಗಿ ಹೋದವರಲ್ಲ ಅನ್ನುವುದಕ್ಕೆ ಆ ಒಂದು ಸಾಲು ಸಾಕು.

ಆದರೆ ನಡುವೆ ಇನ್ನೊಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 'ಏಪ್ರಿಲ್‌ನಲ್ಲಿ ಅವರ ಹೊಸ ವರ್ಷ, ನಮ್ಮ ಬಿಸುವಿನ ಹೊತ್ತಿಗೇ. ಮಕ್ಕಳೆಲ್ಲ ಊರಿಗೆ ಹೋದರು. ಎಂಟು ಮಕ್ಕಳು ಮಾತ್ರ ಉಳಿದರು. ಮನೆ ಬಿಕೋ ಅನ್ನುತ್ತಿತ್ತು.'

ಊರಿಗೆ ಅಂದರೆ ಯಾರ ಮನೆಗೆ, ಟೀಚರೇ?

ಹಬ್ಬಕ್ಕೆ ಹೋಗಲು ಮನೆ ಇದೆ, ಅಲ್ಲಿ ಬಟ್ಟಲು ಹಿಡಿದು ಕಾಯುವ ಅಮ್ಮನೋ ಅಜ್ಜಿಯೋ ಇದ್ದಾರೆ ಅಂದಮೇಲೆ ಆ ಮಕ್ಕಳು ಅನಾಥರಾಗಿದ್ದು ಹೇಗೆ? ಇದು ನಿಮ್ಮ ಒಂದು ಮನೆಯ ಕಥೆಯಲ್ಲ. 2005ರಲ್ಲಿ ಕಾಂಬೋಡಿಯಾದಲ್ಲಿ ಇಂಥ ಮನೆಗಳು 154 ಇದ್ದವು. 2010ಕ್ಕೆ 269 ಆದವು. ಸರ್ವಾಧಿಕಾರಿ ಪೋಲ್ ಪಾಟ್ ಕಾಲ ಮುಗಿದು ಆಗಲೇ ಮೂವತ್ತು ವರ್ಷ ಕಳೆದಿತ್ತು. 1975ರಿಂದ 79ರವರೆಗೆ ಅಲ್ಲಿ 15ರಿಂದ 20 ಲಕ್ಷ ಜನ ಸತ್ತರು. ಅದಾದ ಮೇಲೆ ಮನೆ ತೆರೆದು ಮಕ್ಕಳನ್ನು ಉಳಿಸಿದವರಿಗೆ ಕೈ ಮುಗಿಯಬೇಕು. ಆದರೆ ಯುದ್ಧವೂ ಇಲ್ಲದ, ಬಡತನವೂ ಇಳಿಯುತ್ತಿದ್ದ ಕಾಲದಲ್ಲಿ ಅನಾಥಾಲಯಗಳು ಯಾಕೆ ಹೆಚ್ಚಿದವು? ಹೆಚ್ಚಿದ್ದು ಅಂಕೋರ್ ದೇವಸ್ಥಾನ ನೋಡಲು ಬರುವವರು. ಅವರ ಡಾಲರು. ಒಳಗಿದ್ದ ಐದು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬದುಕಿದ್ದರು. 2011ರಲ್ಲಿ ಅಲ್ಲಿನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯವರು ಒಂದು ಪೋಸ್ಟರ್ ಅಂಟಿಸಿದರು. ಗಾಜಿನ ಪೆಟ್ಟಿಗೆಯೊಳಗೆ ಮಕ್ಕಳು, ಹೊರಗೆ ಕ್ಯಾಮರಾ ಹಿಡಿದ ಪ್ರವಾಸಿಗರು. 'ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ' ಅಂತ ಬರೆಯಬೇಕಾಗಿ ಬಂತು, ನೋಡಿ.

ಹಾಗಂತ ಹೆತ್ತವರು ಮಕ್ಕಳನ್ನು ಬೇಡ ಅಂತ ಬಿಟ್ಟು ಹೋದರೇ? ಇಲ್ಲ. ಓದಲಿ ಅಂತ ಬಿಟ್ಟರು. ಅಲ್ಲಿ ಊಟ ಇದೆ, ಯೂನಿಫಾರಂ ಇದೆ, ಇಂಗ್ಲಿಷ್ ಹೇಳಿಕೊಡುವ ವಿದೇಶಿ ಟೀಚರ್ ಇದ್ದಾರೆ ಅಂತ ಬಿಟ್ಟರು. ಬೇಜಾರು ಮಾಡಿಕೊಳ್ಳಬೇಡಿ. ನೀವು ಚೆನ್ನಾಗಿ ಪಾಠ ಮಾಡಿದಷ್ಟೂ ಇನ್ನೊಂದು ಹಳ್ಳಿಯ ತಾಯಿ ಮಗುವನ್ನು ಗೇಟಿನ ತನಕ ತಂದು ಬಿಡುತ್ತಾಳೆ. ಜಾಗ ಸಾಲದೇ ಇರುವುದು ಅದಕ್ಕೇ. ಇಪ್ಪತ್ತು ಮಂಚ ಹಾಕಿಸಿದರೆ ಇಪ್ಪತ್ತೂ ತುಂಬುತ್ತವೆ. ನಲವತ್ತು ಹಾಕಿಸಿದರೆ ನಲವತ್ತೂ.

ಹೈಟಿಯಲ್ಲಿ ಇದರ ವಿಪರೀತ ರೂಪ ಕಂಡಿತು. 2010ರ ಜನವರಿ ಭೂಕಂಪ ಆಗಿ ಮೂರು ವಾರ ಕೂಡ ಆಗಿರಲಿಲ್ಲ. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳವರು ಹತ್ತು ಮಂದಿ, 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟಿದ್ದರು. ಗಡಿಯಲ್ಲಿ ಹಿಡಿದರು. ಆಮೇಲೆ ನೋಡಿದರೆ ಬಹುಪಾಲು ಮಕ್ಕಳ ಅಪ್ಪ ಅಮ್ಮ ಬದುಕಿದ್ದರು. ಒಳ್ಳೆ ಶಾಲೆ ಸಿಗುತ್ತೆ ಅಂತ ಅವರೇ ಕಳಿಸಿಕೊಟ್ಟಿದ್ದರು. ಹೋದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯದು ಮಾಡುವ ಅವಸರದಲ್ಲಿ 'ಈ ಮಗು ಯಾರದು?' ಅಂತ ಕೇಳುವುದನ್ನೇ ಬಿಟ್ಟರು.

ನಿಮ್ಮವರಲ್ಲೇ ಅದನ್ನು ಕೇಳಿದವರಿದ್ದಾರೆ. ಜಾರ್ಜ್ ಮುಲ್ಲರ್ ಹೆಸರು ನಿಮಗೆ ಭಾನುವಾರ ಶಾಲೆಯಿಂದಲೇ ಗೊತ್ತಿರುತ್ತೆ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಾಡಿಗೆ ಮನೆಯಲ್ಲಿ ಶುರು ಮಾಡಿ, ಕೊನೆಗೆ ಐದು ದೊಡ್ಡ ಕಟ್ಟಡಗಳಲ್ಲಿ ಎರಡು ಸಾವಿರ ಮಕ್ಕಳನ್ನು ಸಾಕಿದವರು. ಯಾರ ಮುಂದೆಯೂ ಕೈ ಚಾಚಲಿಲ್ಲ, ಪ್ರಾರ್ಥನೆ ಮಾತ್ರ ಮಾಡುತ್ತಿದ್ದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರು ಇಟ್ಟಿದ್ದ ನಿಯಮವನ್ನು ಯಾರೂ ಹೇಳುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮಕ್ಕಳಿಗೆ ಮಾತ್ರ ಪ್ರವೇಶ. ಇಷ್ಟು ಕಟ್ಟುನಿಟ್ಟು ಬೇಕಿತ್ತೇ ಅನ್ನಬಹುದು. ಆದರೆ ಮುಲ್ಲರ್ ಕೇಳಿ ತಿಳಿದುಕೊಂಡೇ ಬಾಗಿಲು ತೆಗೆಯುತ್ತಿದ್ದರು.

ಹಬ್ಬಕ್ಕೆ ಹೋಗದೆ ಉಳಿದ ಆ ಎಂಟು ಮಕ್ಕಳಿಗೆ ಸೂರು ಬೇಕು, ಒಪ್ಪುತ್ತೇನೆ. ಹೊಡೆತ ತಿಂದು ಬಂದವರು, ಮಾರಾಟವಾಗಿ ತಪ್ಪಿಸಿಕೊಂಡು ಬಂದ ಹುಡುಗಿಯರು ಮನೆಗೆ ಹೋಗುವ ಹಾಗಿರುವುದಿಲ್ಲ. ಆದರೆ ಎಂಟು ಮಕ್ಕಳಿಗೆ ಹೊಸ ಕಟ್ಟಡ ಬೇಡ, ಅಲ್ವಾ?

'ಹಾಗಾದರೆ ಸಿದ್ಧಗಂಗೆ?' ಅಂತ ನೀವು ಕೇಳೇ ಕೇಳುತ್ತೀರಿ. ಅಲ್ಲಿಯೂ ಹಳ್ಳಿಯ ಬಡವರ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಆದರೆ ಅಪ್ಪನೇ ಟ್ರಂಕು ಹೊತ್ತು ತಂದು ಬಿಡುತ್ತಾನೆ, ರಜೆ ಬಂದರೆ ಕರೆದುಕೊಂಡು ಹೋಗುತ್ತಾನೆ. ಅದು ಹಾಸ್ಟೆಲ್ಲು, ಹಾಸ್ಟೆಲ್ ಅಂತಲೇ ಎಲ್ಲರಿಗೂ ಗೊತ್ತು. ಅಪ್ಪ ಇರುವ ಹುಡುಗನನ್ನು ಅನಾಥ ಅಂತ ಕರೆದು ಯಾರೂ ಚಂದಾ ಎತ್ತುವುದಿಲ್ಲ.

ಅಪ್ಪ ಅಮ್ಮ ಇರುವ ಮಗುವಿನ ಫೋಟೋ ಕೆಳಗೆ 'ಅನಾಥ' ಅಂತ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದು ಕಾಂಬೋಡಿಯಾದ ರೋಗ ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಿನ ಒಂದು ಮಕ್ಕಳ ಮನೆಗೆ ಸ್ನೇಹಿತರು ಮಗನ ಹುಟ್ಟುಹಬ್ಬಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅವತ್ತು ಭಾನುವಾರ. ನಮಗಿಂತ ಮೊದಲೇ ಎರಡು ಪಾರ್ಟಿ ಬಂದು ಹೋಗಿದ್ದವು. ಮಕ್ಕಳು ಮೂರನೇ ಸಲ ಸಾಲಾಗಿ ನಿಂತು ಹ್ಯಾಪಿ ಬರ್ತ್‌ಡೇ ಹಾಡಿದರು. ಹೆಸರು ಬರುವ ಜಾಗದಲ್ಲಿ ಒಬ್ಬ ಹುಡುಗ ಬೆಳಗಿನ ಪಾರ್ಟಿಯ ಹೆಸರು ಹೇಳಿಬಿಟ್ಟ. ವಾರ್ಡನ್ ಕಣ್ಣು ಬಿಟ್ಟರು. ಆ ಹುಡುಗ ಕೇಕಿನ ಮೇಲಿನ ಕ್ರೀಮನ್ನು ಬೆರಳಲ್ಲಿ ಬಳಿದು ಗೋಡೆಗೆ ಒರೆಸಿ, ತಟ್ಟೆ ಹಾಗೇ ಕೆಳಗಿಟ್ಟ. ಅವನ ತಾಯಿ ಮನೆಗೆಲಸ ಮಾಡುತ್ತಾರೆ, ತಿಂಗಳಿಗೊಮ್ಮೆ ಬಂದು ನೋಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆ ತಾಯಿಗೆ ಬಾಡಿಗೆಗೆ ಒಂದಿಷ್ಟು ದುಡ್ಡು ಕೊಡೋಣ ಅಂದರೆ ನಮ್ಮ ಗುಂಪಿನಲ್ಲಿ ಎಲ್ಲರೂ ಸುಮ್ನೆ ಕಾರಿನ ಕಡೆ ನಡೆದರು. ಕೇಕಿಗೆ ದುಡ್ಡಿದೆ, ಬಾಡಿಗೆಗೆ ಇಲ್ಲ.

ನಮ್ಮ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ ಮಗುವನ್ನು ಸಂಸ್ಥೆಗೆ ಸೇರಿಸಿ ಅಂತ. ಮಗು ಮನೆಯಲ್ಲೇ ಉಳಿಯಲಿ ಅಂತ ಕಷ್ಟದಲ್ಲಿರುವ ಕುಟುಂಬಕ್ಕೆ ತಿಂಗಳಿಗೆ 4000 ರೂಪಾಯಿ ಕೊಡುವ ಪ್ರಾಯೋಜಕತ್ವ ಯೋಜನೆಯೂ ಇದೆ, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ. ಎಷ್ಟು ಜನರಿಗೆ ಗೊತ್ತು? ಆಶ್ರಮದ ವಿಳಾಸ ಕೇಳಿ ನಮ್ಮ ಕಚೇರಿಗೆ ಫೋನ್ ಬರುತ್ತಲೇ ಇರುತ್ತದೆ. ಈ ಯೋಜನೆಯ ಅರ್ಜಿ ಎಲ್ಲಿ ಕೊಡಬೇಕು ಅಂತ ಒಬ್ಬರೂ ಕೇಳಿಲ್ಲ.

ಬಡವರನ್ನು ಯಾಕೆ ದೂರಬೇಕು? ಉಳ್ಳವರೂ ಅದನ್ನೇ ಮಾಡುತ್ತಿದ್ದೇವೆ. ಹತ್ತನೇ ಕ್ಲಾಸು ಮುಗಿದ ತಕ್ಷಣ ಮಗುವನ್ನು ವಸತಿ ಪಿಯು ಕಾಲೇಜಿಗೆ ಹಾಕಿ, ಲಕ್ಷಗಟ್ಟಲೆ ಫೀಸು ಕಟ್ಟಿ, ಭಾನುವಾರ ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತೇವೆ. ಓದಬೇಕಾದರೆ ಮನೆ ಬಿಡಬೇಕು ಅನ್ನುವುದು ನಮಗೆ ಎಷ್ಟು ಸಹಜವಾಗಿಬಿಟ್ಟಿದೆ ಅಂದರೆ, ಕಾಂಬೋಡಿಯಾದ ರೈತನ ಮಗಳೂ ಹಾಗೇ ಮಾಡಲಿ ಅಂತ ಚಂದಾ ಎತ್ತಲು ಹೊರಡುತ್ತೇವೆ.

ಪತ್ರದಲ್ಲಿ ಅಡುಗೆಯ ಹೆಂಗಸಿನ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ರಾತ್ರಿ ಜ್ವರ ಬಂದ ಮಗು ನಿಮ್ಮ ಹತ್ತಿರ ಬರದೆ ಅವರ ಚಾಪೆಗೆ ಹೋಗುತ್ತಿತ್ತು, ನಿಮಗೆ ಸ್ವಲ್ಪ ಬೇಸರವಾಯಿತು ಅಂತ. ಮಗು ಸರಿಯಾಗಿಯೇ ಲೆಕ್ಕ ಹಾಕಿದೆ ಟೀಚರೇ. ನೀವು ಮಂಗಳೂರಿಗೆ ವಾಪಸ್ ಬರುವವರು, ಅವರು ಅಲ್ಲೇ ಇರುವವರು. ನೀವು ಬರುವ ಮೊದಲು ಎಷ್ಟು ಟೀಚರುಗಳನ್ನು ಆ ಮಗು ಅತ್ತು ಕಳಿಸಿಕೊಟ್ಟಿತ್ತೋ. ನೀವು ಮತ್ತೆ ಹೋಗುವುದಾದರೆ ಮಕ್ಕಳಿಗಲ್ಲ, ಅಲ್ಲಿನ ಯುವ ಶಿಕ್ಷಕರಿಗೆ ಪಾಠ ಹೇಳಿ. ಮೂವತ್ತು ವರ್ಷ ವ್ಯಾಕರಣ ತಿದ್ದಿದ ಕೈಗೆ ಅದೇ ಸರಿಯಾದ ಕೆಲಸ.

ಈಗ ಮನವಿಯ ವಿಷಯ. ಕೋಣೆಗೂ ಮಂಚಕ್ಕೂ ನಾನು ಮನವಿ ಹಾಕುವುದಿಲ್ಲ. ಶಾಲೆಗೆ ಹಾಕುತ್ತೇನೆ. ಊರಿಗೆ ಹೋದ ಮಕ್ಕಳು ಊರಲ್ಲೇ ಇದ್ದು ಓದಲು ಏನು ಬೇಕು ಅಂತ ಆ ಸಂಸ್ಥೆಯವರನ್ನು ಕೇಳಿ. ದೂರದ ಹೈಸ್ಕೂಲಿಗೆ ಸೈಕಲ್ಲೋ, ಅಲ್ಲಿನ ಮೇಷ್ಟ್ರುಗಳು ಹೆಚ್ಚುವರಿ ಪಾಠಕ್ಕೆ ವಸೂಲಿ ಮಾಡುವ ದುಡ್ಡೋ, ತಿಂಗಳಿಗೊಂದು ಮೂಟೆ ಅಕ್ಕಿಯೋ. ಪ್ರತಿ ಮಗುವಿಗೆ ಎಷ್ಟು ಅಂತ ಲೆಕ್ಕ ಬರಲಿ, ಸಂಸ್ಥೆಯ ಜವಾಬ್ದಾರರ ಸಹಿಯೂ ಇರಲಿ. ಮಕ್ಕಳ ಫೋಟೋ ಕಳಿಸಬೇಡಿ, ಅಚ್ಚು ಹಾಕುವುದಿಲ್ಲ. 20ನೇ ತಾರೀಖಿನೊಳಗೆ ನಮಗೆ ತಲುಪಿದರೆ ಮುಂದಿನ ಸಂಚಿಕೆಗೇ ಹಾಕಬಹುದು.

- ಸಂ.