‘ಮೆದುಳು ಬೆಳಗಿದಾಗ’ ಲೇಖನವನ್ನು ಮರಳಿಸುತ್ತಾ

ಮಾನ್ಯರೇ,

ಮೆದುಳಿನ ಸ್ಕ್ಯಾನ್ ಕುರಿತು ನೀವು ಕಳಿಸಿದ ಲೇಖನವನ್ನು ಮುಂಬಯಿಯ ಮಾಟುಂಗದಿಂದ ಡೊಂಬಿವಲಿಗೆ ಮರಳುವಾಗ ಲೋಕಲ್ ರೈಲಿನಲ್ಲಿ ಒಮ್ಮೆ, ಮನೆಯಲ್ಲಿ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿದೆ. ಈಗಿನ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾರೆ. ಆದರೆ ಪರೇಲಿನ ಆಸ್ಪತ್ರೆಯೊಂದರ ಎಂ.ಆರ್.ಐ. ವಿಭಾಗದಲ್ಲಿ ದಿನವೂ ಕೆಲಸ ಮಾಡುವ ನೀವಲ್ಲದೆ ಬೇರೆ ಯಾರೂ ಬರೆಯಲಾರದ ಎಂಟು ಸಾಲುಗಳು ಐದನೆಯ ಪುಟದ ಅಡಿಯಲ್ಲಿವೆ. ಈ ಪತ್ರವನ್ನು ಇಷ್ಟು ಉದ್ದ ಬರೆಯಲು ಆ ಸಾಲುಗಳೇ ಕಾರಣ.

ಮೊದಲು ಶೀರ್ಷಿಕೆಯ ಮಾತು. ‘ಮೆದುಳು ಬೆಳಗುತ್ತದೆ’ ಎಂಬುದು ಕನ್ನಡದ ನುಡಿಗಟ್ಟಲ್ಲ, ಇಂಗ್ಲಿಷ್ ಪತ್ರಿಕೆಗಳಿಂದ ಇಳಿದು ಬಂದದ್ದು. ವಿಜ್ಞಾನವಾಗಿಯೂ ಅದು ನಿಲ್ಲುವುದಿಲ್ಲ. ನರಕೋಶಗಳ ವಿದ್ಯುತ್ತನ್ನು ಯಂತ್ರ ನೇರವಾಗಿ ಹಿಡಿಯುತ್ತದೆ ಎಂದು ನೀವು ಬರೆದಿದ್ದೀರಿ. ಅದು ತಲೆಗೆ ತಂತಿ ಅಂಟಿಸಿ ಮಾಡುವ ಇ.ಇ.ಜಿ.ಯ ಕೆಲಸ. ನಿಮ್ಮ ವಿಷಯವಾದ ಎಫ್.ಎಂ.ಆರ್.ಐ., ಅಂದರೆ ಕೆಲಸದಲ್ಲಿ ತೊಡಗಿದ ಮೆದುಳನ್ನು ನೋಡುವ ಎಂ.ಆರ್.ಐ., ಅಳೆಯುವುದು ರಕ್ತವನ್ನು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಯಂತ್ರದ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ. ಮೆದುಳಿನ ಒಂದು ಭಾಗ ಹೆಚ್ಚು ದುಡಿದಾಗ ಅಲ್ಲಿಗೆ ಬೇಕಾದುದಕ್ಕಿಂತಲೂ ಹೆಚ್ಚು ಆಮ್ಲಜನಕಯುಕ್ತ ರಕ್ತ ನುಗ್ಗುವುದರಿಂದ ಆ ಕದಡು ತಗ್ಗಿ, ಯಂತ್ರ ಹಿಡಿಯುವ ಸಂಕೇತ ಶೇಕಡಾ ಒಂದೆರಡರಷ್ಟು ಏರುತ್ತದೆ. ರಕ್ತದ ಆಮ್ಲಜನಕದ ಏರಿಳಿತ ಹೀಗೆ ಚಿತ್ರದಲ್ಲಿ ಕಾಣುತ್ತದೆ ಎಂದು 1990ರಲ್ಲಿ ತೋರಿಸಿಕೊಟ್ಟವರು ಜಪಾನಿನ ವಿಜ್ಞಾನಿ ಸೇಜಿ ಒಗಾವಾ. ಈ ಏರಿಕೆ ಶಿಖರ ಮುಟ್ಟಲು ಐದಾರು ಸೆಕೆಂಡು ಬೇಕು, ಅಷ್ಟರಲ್ಲಿ ನರಕೋಶಗಳು ತಮ್ಮ ಕೆಲಸ ಮುಗಿಸಿ ಎಷ್ಟೋ ಹೊತ್ತಾಗಿರುತ್ತದೆ.

ಹಾಗಾದರೆ ಸ್ಕ್ಯಾನ್ ಚಿತ್ರಗಳಲ್ಲಿ ಕಾಣುವ ಆ ಕೆಂಪು, ಹಳದಿ ಬಣ್ಣ ಎಲ್ಲಿಂದ ಬಂತು? ಇದನ್ನು ಹೇಳದೆ ಲೇಖನ ಮುಂದೆ ಸಾಗಬಾರದಿತ್ತು. ಬಣ್ಣವನ್ನು ಮನುಷ್ಯರು ಹಚ್ಚುತ್ತಾರೆ. ಕೆಲಸ ಮಾಡುವಾಗಿನ ಸಂಕೇತವನ್ನೂ ಸುಮ್ಮನಿರುವಾಗಿನ ಸಂಕೇತವನ್ನೂ ಎರಡು ಮೂರು ಮಿಲಿಮೀಟರ್ ಅಳತೆಯ ಸಾವಿರಾರು ಘನಗಳಲ್ಲಿ ಒಂದೊಂದಾಗಿ ಹೋಲಿಸಿ, ಗೊತ್ತುಮಾಡಿದ ಮಿತಿಯನ್ನು ದಾಟಿದ ಘನಗಳಿಗಷ್ಟೇ ಬಣ್ಣ ಕೊಡುತ್ತಾರೆ. ಓದುಗರ ಕೈಗೆ ಬರುವುದು ಫೋಟೋ ಅಲ್ಲ, ಲೆಕ್ಕದ ಫಲಿತಾಂಶ. ಅಷ್ಟು ಸಾವಿರ ಹೋಲಿಕೆಗಳಲ್ಲಿ ಕೆಲವಾದರೂ ಬರೀ ಆಕಸ್ಮಿಕದಿಂದ ಗೆಲ್ಲುತ್ತವೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಈ ಆಕಸ್ಮಿಕಗಳನ್ನು ಸರಿಪಡಿಸದೆ ಲೆಕ್ಕ ಹಾಕಿದರೆ ಸತ್ತ ಮೀನಿನ ಮೆದುಳಿನಲ್ಲೂ ‘ಚಟುವಟಿಕೆ’ ಕಾಣುತ್ತದೆ ಎಂದು ತೋರಿಸಿದರು. ಮೀನುಮಾರುಕಟ್ಟೆ ಬಲ್ಲ ನಮ್ಮ ಕರಾವಳಿಯ ಓದುಗರು ಈ ಪ್ರಸಂಗವನ್ನು ಮರೆಯಲಾರರು. ಒಂದೇ ಎಫ್.ಎಂ.ಆರ್.ಐ. ದತ್ತಾಂಶವನ್ನು 70 ಸಂಶೋಧನಾ ತಂಡಗಳಿಗೆ ಕೊಟ್ಟಾಗ, ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ವಿಶ್ಲೇಷಿಸಲಿಲ್ಲ, ತೀರ್ಮಾನಗಳೂ ಬೇರೆಬೇರೆಯಾದವು ಎಂಬುದು 2020ರಲ್ಲಿ ಪ್ರಕಟವಾಗಿದೆ.

ಲೇಖನವನ್ನು ತಡೆದು ನಿಲ್ಲಿಸಿದ್ದು ಮೂರನೆಯ ಪುಟದ ಒಂದು ವಾಕ್ಯ: ‘ಖಿನ್ನತೆಯನ್ನು ಈಗ ಸ್ಕ್ಯಾನ್‌ನಿಂದಲೇ ಪತ್ತೆ ಹಚ್ಚಬಹುದು.’ ಇದು ನಿಜವಲ್ಲ. ಖಿನ್ನತೆಯುಳ್ಳವರ ಗುಂಪಿಗೂ ಇಲ್ಲದವರ ಗುಂಪಿಗೂ ಸರಾಸರಿಯಲ್ಲಿ ವ್ಯತ್ಯಾಸ ಕಂಡಿದೆ ಎಂದರೆ, ವೈದ್ಯರ ಎದುರು ಕುಳಿತ ಒಬ್ಬ ವ್ಯಕ್ತಿ ಯಾವ ಗುಂಪಿನವನೆಂದು ಹೇಳಬಹುದು ಎಂದಲ್ಲ. ಖಿನ್ನತೆಯ ನಿರ್ಣಯ ಇಂದಿಗೂ ರೋಗಿಯೊಡನೆ ಮಾತಾಡಿ, ಅವರ ಕಥೆ ಕೇಳಿ ಆಗುವಂಥದು; ಸ್ಕ್ಯಾನ್ ಬರೆಸುವುದು ಗೆಡ್ಡೆಯಂಥ ಬೇರೆ ಕಾರಣ ಇದೆಯೇ ಎಂಬ ಅನುಮಾನವಿದ್ದಾಗ. ನಿಮ್ಮ ಆ ವಾಕ್ಯವನ್ನು ನಂಬಿ, ಸಂಬಳದಲ್ಲಿ ಉಳಿಸಿದ ಸಾವಿರಾರು ರೂಪಾಯಿ ಹೊತ್ತು ಮಗನನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ಯುವ ತಂದೆಯೊಬ್ಬರು ನಮ್ಮ ಚಂದಾದಾರರಲ್ಲಿ ಖಂಡಿತ ಇದ್ದಾರೆ. ‘ಯಾವ ಅಪಾಯವೂ ಇಲ್ಲದ ಯಂತ್ರ’ ಎಂಬ ಮಾತನ್ನೂ ತೆಗೆಯಿರಿ. ವಿಕಿರಣವಿಲ್ಲ ಎಂಬುದು ಸರಿ, ಆದರೆ 2018ರಲ್ಲಿ ಇದೇ ಮುಂಬಯಿಯಲ್ಲಿ ಆಮ್ಲಜನಕದ ಲೋಹದ ಸಿಲಿಂಡರನ್ನು ಆ ಕೋಣೆಯೊಳಗೆ ಒಯ್ದಾಗ, ಯಂತ್ರದ ಬಲವಾದ ಕಾಂತ ಅದನ್ನು ಸೆಳೆದು ಒಂದು ಜೀವ ಹೋದದ್ದನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ.

ಇನ್ನು ಆ ಎಂಟು ಸಾಲು. ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಮೊದಲು ಎಫ್.ಎಂ.ಆರ್.ಐ. ಮಾಡಿಸಲು ಬಂದ ಕಲಬುರಗಿ ಕಡೆಯ ವಾಚ್‌ಮನ್ ಒಬ್ಬರು, ಹಿಂದಿಯಲ್ಲಿ ಕೊಟ್ಟ ಸೂಚನೆ ತಿಳಿಯದೆ ಕೊಳವೆಯೊಳಗೆ ಗಾಬರಿಯಿಂದ ತಲೆ ಆಡಿಸುತ್ತಿದ್ದಾಗ, ನೀವು ಮೈಕಿನಲ್ಲಿ ‘ಯಪ್ಪಾ, ಬಲಗೈ ಬೆರಳು ಅಷ್ಟ ಆಡಸ್ರಿ, ತಲಿ ಹಂಗ ಇರಲಿ’ ಅಂದಿರಲ್ಲ, ನಿಮ್ಮ ಲೇಖನ ಅಲ್ಲಿಂದ ಆರಂಭವಾಗಬೇಕು. ಮೇಲೆ ಹೇಳಿದ್ದೆಲ್ಲವೂ ಆ ಕೋಣೆಯಲ್ಲೇ ಇದೆ. ತಲೆ ಒಂದೆರಡು ಮಿಲಿಮೀಟರ್ ಸರಿದರೂ ಹುಸಿ ಸಂಕೇತ ಹುಟ್ಟುತ್ತದೆ. ಸೂಚನೆ ಅರ್ಥವಾಗದವನ ಮೆದುಳಿನಿಂದ ಸಿಗುವುದು ಅರ್ಥವಾಗದಿರುವುದರ ಚಿತ್ರವಷ್ಟೇ. ಮಾತಿನ ಕೇಂದ್ರಗಳನ್ನು ಗುರುತಿಸಬೇಕಾದರೆ ಪರೀಕ್ಷೆಯೂ ರೋಗಿಯ ಮಾತಿನಲ್ಲೇ ಆಗಬೇಕು. ಕೈಯಾಡಿಸುವ ಭಾಗ ಗೆಡ್ಡೆಗೆ ಎಷ್ಟು ಹತ್ತಿರವಿದೆ ಎಂದು ಶಸ್ತ್ರವೈದ್ಯರಿಗೆ ತಿಳಿಸುವ ಈ ಬಳಕೆ, ಸಂಶೋಧನೆಯಿಂದ ಚಿಕಿತ್ಸೆಗೆ ನಿಜವಾಗಿ ದಾಟಿಬಂದ ಕೆಲವೇ ಬಳಕೆಗಳಲ್ಲಿ ಒಂದು. ಅಲ್ಲಿಯೂ ಎಚ್ಚರ ಬೇಕು: ಗೆಡ್ಡೆಯ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದಿದ್ದರೆ, ಕೆಲಸ ಮಾಡುವ ಭಾಗವೂ ಬಣ್ಣವಿಲ್ಲದೆ ಉಳಿದೀತು. ಆದ್ದರಿಂದಲೇ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯನ್ನು ಎಚ್ಚರವಿಟ್ಟು, ಮೆದುಳನ್ನು ಮೃದುವಾಗಿ ವಿದ್ಯುತ್ತಿನಿಂದ ಮುಟ್ಟಿ ನೋಡುತ್ತಾರೆ.

ಭಾಷೆಯ ಬಗ್ಗೆ ಎರಡೇ ಮಾತು. ‘ಕಾರ್ಯಾತ್ಮಕ ಚುಂಬಕೀಯ ಅನುರಣನ ಚಿತ್ರಣ’ ಬೇಡ, ಎಫ್.ಎಂ.ಆರ್.ಐ. ಸಾಕು. ಮತ್ತೆ ‘ರುಗ್ಣ’ ಎಂದಿರುವ ಕಡೆಯಲ್ಲೆಲ್ಲ ‘ರೋಗಿ’ ಎಂದಿರಲಿ. ನಲವತ್ತು ವರ್ಷ ಮರಾಠಿಯ ನಡುವೆ ಬದುಕಿದ ನನ್ನ ಬರವಣಿಗೆಯಲ್ಲೂ ಅದು ನುಸುಳುತ್ತದೆ, ನನ್ನ ಹೆಂಡತಿ ತಿದ್ದುತ್ತಾಳೆ.

ಮೊದಲ ಎರಡು ಪುಟಗಳ ಇತಿಹಾಸವನ್ನು ಪೂರ್ತಿ ಬಿಟ್ಟು, 1,200 ಪದಗಳೊಳಗೆ ಹೊಸದಾಗಿ ಬರೆದು ಮುಂದಿನ ತಿಂಗಳ 10ರೊಳಗೆ ಕಳಿಸಿ. ಆ ಹಿರಿಯರ ಗುರುತು ಸಿಗದಂತೆ ಊರು, ಉದ್ಯೋಗ ಎರಡನ್ನೂ ಬದಲಿಸಿ. ಅಂದಹಾಗೆ, ನಿಮ್ಮ ಮಾತು ಕೇಳಿದ ಮೇಲೆ ಅವರು ಬೆರಳಾಡಿಸಿದರೋ ಇಲ್ಲವೋ ಎಂಬುದನ್ನು ನೀವು ಬರೆದೇ ಇಲ್ಲ.

ಇತಿ,
ಸಂಪಾದಕ