ಅವನು ನಮ್ಮ ಗ್ರೂಪಿನಲ್ಲೇ ಇದ್ದ

ಈ ಸಲ ಒಂದೇ ವಿಷಯದ ಮೇಲೆ ಮೂರು ಪತ್ರ ಬಂದಿವೆ. ಮೊದಲನೆಯದು ತುಂಬಾ ಉದ್ದ ಇತ್ತು, ಚಿಕ್ಕದು ಮಾಡಿದ್ದೇನೆ. ಬರೆದವರು ಯಾವ ಪಕ್ಷ, ಯಾವ ಬಣ ಅನ್ನುವುದನ್ನು ಬೇಕೆಂದೇ ತೆಗೆದಿದ್ದೇನೆ. ಅದು ಗೊತ್ತಾದರೆ ಅರ್ಧ ಜನ ಪೂರ್ತಿ ಓದುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ.

ಪ್ರಶ್ನೆ: ಮೇಡಂ, ಒಂಬತ್ತು ವರ್ಷದಿಂದ ಒಂದು ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಒಬ್ಬ ಯುವಕ ನಮ್ಮ ವಿರೋಧಿಗಳ ಸಭೆಗೆ ನುಗ್ಗಿ ಚಾಕು ಹಾಕಿದ. ಇಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಅವನು ನಮ್ಮ ಸದಸ್ಯ ಅಲ್ಲ, ಚಂದಾ ಕೊಟ್ಟವನಲ್ಲ. ಆದರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎರಡು ವರ್ಷದಿಂದ ಇದ್ದ. ಅವನ ಜೇಬಿನಲ್ಲಿ ಸಿಕ್ಕ ಚೀಟಿಯಲ್ಲಿದ್ದದ್ದು ನಾನೇ ಬರೆದ ಕರಪತ್ರದ ಸಾಲು. ಸಂಘಟನೆಯ ಹಿರಿಯರು "ಸುಮ್ಮನಿರು, ಮಾತಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ" ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮಾತಾಡಿ. ಸಂಘಟನೆ ಮಾತಾಡದಿದ್ದರೆ ನೀವೊಬ್ಬರೇ ಮಾತಾಡಿ.

ಆದರೆ ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಅದರಲ್ಲಿ ಗಾಯಗೊಂಡ ಇಬ್ಬರಿಗೆ ಸಿಕ್ಕಿದ್ದು ಒಂದೇ ಸಾಲು. ನಿಮ್ಮನ್ನು ಬೈಯುತ್ತಿಲ್ಲ. ಭಯದಲ್ಲಿದ್ದಾಗ ಯಾರಿಗಾದರೂ ತಮ್ಮ ಚಿಂತೆಯೇ ದೊಡ್ಡದಾಗಿ ಕಾಣುತ್ತದೆ. ಆದರೂ ನೀವು ಬರೆಯುವ ಹೇಳಿಕೆಯ ಮೊದಲ ಸಾಲು ಅವರ ಬಗ್ಗೆ ಇರಲಿ. ಅವರ ಹೆಸರು ಇರಲಿ, ಅವರು ಬೇಗ ಗುಣವಾಗಲಿ ಅನ್ನುವ ಮಾತು ಇರಲಿ. ನಿಮ್ಮ ಸಂಘಟನೆಯ ಮಾನ ಆಮೇಲಿನ ವಿಷಯ.

ಇನ್ನು "ಅವನು ನಮ್ಮವನಲ್ಲ" ಅನ್ನುವ ಮಾತು. ಇಂಥ ದಾಳಿ ಎಲ್ಲೇ ಆಗಲಿ, ಯಾವ ಪಂಥದವರೇ ಆಗಲಿ, ಮೊದಲು ಬಾಯಿಗೆ ಬರುವುದು ಇದೇ ಅಲ್ವಾ? ಸದಸ್ಯತ್ವದ ಪುಸ್ತಕ ತೆಗೆದು ತೋರಿಸುತ್ತಾರೆ, ಅವನ ಹೆಸರು ಇಲ್ಲ ಅನ್ನುತ್ತಾರೆ. ಅದು ನಿಜವೇ ಇರಬಹುದು. ಆದರೆ ಎರಡು ವರ್ಷ ನಿಮ್ಮ ಮಾತು ಕೇಳಿದವನು, ನಿಮ್ಮ ಸಾಲನ್ನು ಜೇಬಿನಲ್ಲಿ ಇಟ್ಟುಕೊಂಡು ಹೋದವನು, ಸುಮ್ನೆ ಆಕಾಶದಿಂದ ಬಿದ್ದವನಲ್ಲ. ಜನರಿಗೆ ಇದು ಗೊತ್ತಾಗುತ್ತದೆ. ನೀವು ಹೇಳಬೇಕಾದದ್ದು ಸ್ವಲ್ಪ ಬೇರೆ: ಅವನು ನಮ್ಮ ನಡುವೆ ಇದ್ದ, ಅವನು ಮಾಡಿದ್ದು ನಮ್ಮದಲ್ಲ. ಮೊದಲ ಅರ್ಧವನ್ನು ನುಂಗಿಬಿಟ್ಟರೆ ಎರಡನೆಯ ಅರ್ಧವನ್ನು ಯಾರೂ ನಂಬುವುದಿಲ್ಲ.

ಇದನ್ನು ಮಾಡಿ ತೋರಿಸಿದವರಿದ್ದಾರೆ. 2017ರ ಜೂನ್ 14ರಂದು ಅಮೆರಿಕದ ಅಲೆಕ್ಸಾಂಡ್ರಿಯಾದಲ್ಲಿ ಬೇಸ್‌ಬಾಲ್ ಅಭ್ಯಾಸ ಮಾಡುತ್ತಿದ್ದ ರಿಪಬ್ಲಿಕನ್ ಸಂಸದರ ಮೇಲೆ ಒಬ್ಬ ಗುಂಡು ಹಾರಿಸಿದ. ಸಂಸದ ಸ್ಟೀವ್ ಸ್ಕಲೀಸ್ ಸಾವಿನ ಬಾಗಿಲಿಗೆ ಹೋಗಿ ಬಂದರು. ಗುಂಡು ಹಾರಿಸಿದವನು ಎಡಪಂಥದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಚುನಾವಣಾ ಪ್ರಚಾರದಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡಿದ್ದ. ಸ್ಯಾಂಡರ್ಸ್ ಏನು ಮಾಡಿದರು? ಅವತ್ತೇ ಸೆನೆಟ್‌ನಲ್ಲಿ ಎದ್ದು ನಿಂತರು. ಇವನು ನನ್ನ ಪ್ರಚಾರದಲ್ಲಿ ಕೆಲಸ ಮಾಡಿದವನು ಎಂದು ಈಗಷ್ಟೇ ತಿಳಿಯಿತು ಎಂದು ತಾವೇ ಹೇಳಿದರು. ಈ ಹೇಯ ಕೆಲಸ ಕಂಡು ಅಸಹ್ಯವಾಗಿದೆ, ಯಾವ ಬಗೆಯ ಹಿಂಸೆಯನ್ನೂ ಒಪ್ಪುವುದಿಲ್ಲ ಎಂದರು. ಸಾವಿರಾರು ಸ್ವಯಂಸೇವಕರಲ್ಲಿ ಅವನೂ ಒಬ್ಬ, ನನಗೆ ಅವನ ಮುಖವೇ ಗೊತ್ತಿಲ್ಲ ಎಂದು ಜಾರಿಕೊಳ್ಳುವುದು ಸುಲಭ ಇತ್ತು. ಜಾರಿಕೊಳ್ಳಲಿಲ್ಲ. ಮಾತು ಕೆಲವೇ ಸಾಲು, ಆದರೆ ಅದರಲ್ಲಿ ಏನನ್ನೂ ಮುಚ್ಚಿಟ್ಟಿರಲಿಲ್ಲ.

ನಮ್ಮ ದೇಶದ್ದೇ ಇನ್ನೂ ದೊಡ್ಡ ಉದಾಹರಣೆ ಚೌರಿ ಚೌರಾ. ಅದನ್ನು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಓದಿ ಮರೆತುಬಿಟ್ಟಿದ್ದೇವೆ. 1922ರ ಫೆಬ್ರವರಿ 4ರಂದು ಗೋರಖಪುರ ಜಿಲ್ಲೆಯ ಆ ಊರಿನಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು, ಜನ ಸತ್ತರು. ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿ ಹಚ್ಚಿತು, 22 ಪೊಲೀಸರು ಸತ್ತರು. ಗಾಂಧಿ ಅಲ್ಲಿರಲಿಲ್ಲ. ಅವರು ದೂರದ ಬಾರ್ಡೋಲಿಯಲ್ಲಿ ಕರನಿರಾಕರಣೆಗೆ ಸಿದ್ಧತೆ ಮಾಡುತ್ತಿದ್ದರು. ಬೆಂಕಿ ಹಚ್ಚಿ ಎಂದು ಅವರು ಎಂದೂ ಹೇಳಿದವರಲ್ಲ, ಅದಕ್ಕೆ ತದ್ವಿರುದ್ಧವಾದದ್ದನ್ನೇ ಹೇಳುತ್ತಾ ಬಂದವರು. "ಅವರು ನಮ್ಮವರಲ್ಲ" ಎನ್ನಲು ಅವರಷ್ಟು ಹಕ್ಕು ಯಾರಿಗಿತ್ತು ಹೇಳಿ? ಆದರೆ ಗುಂಪಿನವರು ಕೂಗಿದ್ದು ಅವರ ಹೆಸರನ್ನೇ. ಎಂಟೇ ದಿನಕ್ಕೆ, ಫೆಬ್ರವರಿ 12ರಂದು, ಗಾಂಧಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಐದು ದಿನ ಉಪವಾಸ ಕೂತರು. ಮುಂದಿನ ತಿಂಗಳು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರಿ ವಕೀಲರು ಚೌರಿ ಚೌರಾದ ಹೆಸರೆತ್ತಿದರು. ಗಾಂಧಿ ವಾದ ಮಾಡಲಿಲ್ಲ, ಅದರಿಂದ ನನ್ನನ್ನು ಬೇರ್ಪಡಿಸಿಕೊಳ್ಳುವುದು ನನ್ನಿಂದ ಸಾಧ್ಯವಿಲ್ಲ ಎಂದುಬಿಟ್ಟರು. ಆರು ವರ್ಷ ಶಿಕ್ಷೆಯಾಯಿತು.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಜೈಲಿನಲ್ಲಿದ್ದ ನೆಹರೂ, ಸಿ.ಆರ್. ದಾಸ್ ಅವರಿಗೆ ಚಳವಳಿ ನಿಲ್ಲಿಸಿದ್ದು ಹಿಡಿಸಲೇ ಇಲ್ಲ. ಎಲ್ಲೋ ಒಂದು ಮೂಲೆಯ ಹಳ್ಳಿಯಲ್ಲಿ ಆದದ್ದಕ್ಕೆ ದೇಶವನ್ನೇ ಏಕೆ ನಿಲ್ಲಿಸಬೇಕು ಎಂಬ ಅವರ ಪ್ರಶ್ನೆಯಲ್ಲೂ ನ್ಯಾಯ ಇದೆ. ಬ್ರಿಟಿಷ್ ನ್ಯಾಯಾಲಯ ಮೊದಲು 172 ಜನಕ್ಕೆ ಗಲ್ಲು ವಿಧಿಸಿತು, ಕೊನೆಗೆ 19 ಜನರನ್ನು ನೇಣಿಗೆ ಹಾಕಿತು. ಬಡ ರೈತರ ಮಕ್ಕಳು. ಅವರ ಮನೆಯವರು ನಮ್ಮನ್ನು ಕೈಬಿಟ್ಟರು ಅಂದುಕೊಂಡಿದ್ದರೆ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಆ ಒಂದು ಮಾತು, ಬೇರ್ಪಡಿಸಿಕೊಳ್ಳಲಾರೆ ಎಂಬ ಮಾತು, ನಿಮ್ಮ ಹಿರಿಯರಿಗೆ ಓದಿ ಹೇಳಿ. ಮಾತಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಅನ್ನುತ್ತಾರಲ್ಲ, ಗಾಂಧಿ ನ್ಯಾಯಾಧೀಶರ ಎದುರೇ ಒಪ್ಪಿಕೊಂಡರು. ಅದರಿಂದ ಅವರನ್ನು ನಂಬುವವರು ಕಡಿಮೆಯಾಗಲಿಲ್ಲ.

ಪ್ರಶ್ನೆ: ಅವರ ಕಡೆಯವರು ನಮ್ಮವರನ್ನು ಹೊಡೆದಾಗ ಅವರು ಖಂಡಿಸಲಿಲ್ಲ. ಈಗ ನಾವೇ ಏಕೆ ಖಂಡಿಸಬೇಕು? ಖಂಡಿಸಿದರೂ ಅವರ ಹಳೆಯದನ್ನೂ ಜೊತೆಗೆ ಹೇಳಬೇಕಲ್ಲವೇ?
(ಒಬ್ಬ ಕಾರ್ಯಕರ್ತ)

ಉತ್ತರ: ಬೇಡ. ಕನಿಷ್ಠ ಆ ದಿನ, ಆ ಹೇಳಿಕೆಯಲ್ಲಿ ಬೇಡ. "ಖಂಡಿಸುತ್ತೇವೆ, ಆದರೆ" ಎಂದು ಶುರು ಮಾಡಿದಿರೋ, ಓದುವವರಿಗೆ "ಆದರೆ" ನಂತರದ್ದೇ ಕೇಳಿಸುತ್ತದೆ. ಆಸ್ಪತ್ರೆಯ ಹೊರಗೆ ಕೂತಿರುವ ತಾಯಿಗೆ ನಿಮ್ಮ ಹಳೆ ಲೆಕ್ಕದಿಂದ ಏನಾಗಬೇಕು? ಹಳೆ ಅನ್ಯಾಯ ನಿಜವಾದದ್ದೇ ಇದ್ದರೆ ಅದಕ್ಕೆ ಬೇರೆ ದಿನ, ಬೇರೆ ವೇದಿಕೆ ಇದೆ.

ಐರ್ಲೆಂಡಿನಲ್ಲಿ ಸಿನ್ ಫೇನ್ ಪಕ್ಷ ವರ್ಷಗಟ್ಟಲೆ, ತನ್ನ ಜೊತೆಗಿದ್ದ ಐಆರ್‌ಎ ಎಂಬ ಸಶಸ್ತ್ರ ಗುಂಪಿನ ಬಾಂಬ್ ದಾಳಿಗಳಾದಾಗ "ಖಂಡನೆ" ಎಂಬ ಪದವನ್ನೇ ಬಳಸುತ್ತಿರಲಿಲ್ಲ. ವಿಷಾದ ಎನ್ನುತ್ತಿದ್ದರು, ದುಃಖ ಎನ್ನುತ್ತಿದ್ದರು, ಜೊತೆಗೆ ಬ್ರಿಟಿಷರ ತಪ್ಪುಗಳ ಪಟ್ಟಿ ಕೊಡುತ್ತಿದ್ದರು. 1998ರ ಆಗಸ್ಟ್ 15ರಂದು ಉತ್ತರ ಐರ್ಲೆಂಡಿನ ಓಮಾ ಪಟ್ಟಣದ ಪೇಟೆಯಲ್ಲಿ ಕಾರ್ ಬಾಂಬ್ ಸಿಡಿಯಿತು. ಶನಿವಾರದ ಮಧ್ಯಾಹ್ನ, ಜನ ಮಕ್ಕಳನ್ನು ಕರೆದುಕೊಂಡು ಸಾಮಾನು ಕೊಳ್ಳಲು ಬಂದಿದ್ದರು. 29 ಮಂದಿ ಸತ್ತರು, ಅವರಲ್ಲಿ ಒಬ್ಬಾಕೆ ಅವಳಿ ಮಕ್ಕಳ ಬಸುರಿ. ಬಾಂಬ್ ಇಟ್ಟದ್ದು ಶಾಂತಿ ಒಪ್ಪಂದ ಒಪ್ಪದೆ ಐಆರ್‌ಎಯಿಂದ ಸಿಡಿದು ಹೋದ ಬಣ. ಗುರಿ ಅದೇ: ಒಂದಾದ ಐರ್ಲೆಂಡ್. ಸಿನ್ ಫೇನ್ ಗುರಿಯೂ ಅದೇ. ಆವತ್ತು ಪಕ್ಷದ ನಾಯಕ ಜೆರ್ರಿ ಆಡಮ್ಸ್ ಯಾವ ಗೊಂದಲಕ್ಕೂ ಎಡೆಯಿಲ್ಲದೆ ಖಂಡಿಸುತ್ತೇನೆ ಎಂದರು. ಯಾವ "ಆದರೆ"ಯೂ ಇರಲಿಲ್ಲ. ಆ ಬಣದ ಮೇಲೆ ಅದರದ್ದೇ ಸಮುದಾಯದ ಸಿಟ್ಟು ತಿರುಗಿತು, ಕೆಲವೇ ವಾರಗಳಲ್ಲಿ ಅದು ಕದನವಿರಾಮ ಘೋಷಿಸಬೇಕಾಯಿತು. ಪೊಲೀಸರು ಬೈದರೆ ಇಂಥವರಿಗೆ ಅದು ಪದಕ ಸಿಕ್ಕಂತೆ. ತನ್ನ ಕಡೆಯವರೇ ಛೀ ಅಂದರೆ ಮಾತ್ರ ನಾಟುತ್ತದೆ. ಅದಕ್ಕೇ ನೀವು ಮಾತಾಡಬೇಕು, ನಿಮ್ಮ ವಿರೋಧಿಗಳು ಮಾತಾಡಿದರೆ ಸಾಲದು.

ಸುಮ್ಮನಿದ್ದವರ ಕಥೆಯೂ ಇದೆ. ಸ್ಪೇನಿನ ಬಾಸ್ಕ್ ಪ್ರದೇಶದ ಬಾತಾಸುನಾ ಪಕ್ಷ 2002ರಲ್ಲಿ ಸಾಂತಾ ಪೋಲಾ ಪಟ್ಟಣದಲ್ಲಿ ಇಟಿಎ ಎಂಬ ಬಾಸ್ಕ್ ಸಶಸ್ತ್ರ ಗುಂಪು ನಡೆಸಿದ ಬಾಂಬ್ ದಾಳಿಯನ್ನು ಖಂಡಿಸಲಿಲ್ಲ. ಸತ್ತ ಇಬ್ಬರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ಮುಂದಿನ ವರ್ಷ ಸುಪ್ರೀಂ ಕೋರ್ಟು ಪಕ್ಷವನ್ನೇ ನಿಷೇಧಿಸಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೂಡ 2009ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ಅದೇ ರಾಜಕೀಯದವರು 2011ರಲ್ಲಿ ಹೊಸ ಪಕ್ಷ ಕಟ್ಟುವಾಗ ಇಟಿಎ ಹೆಸರು ಹಿಡಿದೇ ಹಿಂಸೆಯನ್ನು ತಿರಸ್ಕರಿಸುತ್ತೇವೆ ಎಂದು ಬರೆದುಕೊಡಬೇಕಾಯಿತು. ಆ ಮಾತನ್ನು ಒಂಬತ್ತು ವರ್ಷ ಮೊದಲೇ ಹೇಳಬಹುದಿತ್ತು.

ಪ್ರಶ್ನೆ: ಒಬ್ಬನ ಹುಚ್ಚಿಗೆ ಇಡೀ ಚಳವಳಿ ತಲೆ ತಗ್ಗಿಸಬೇಕೇ? ಹೀಗೇ ಆದರೆ ಯಾರೂ ಯಾವುದನ್ನೂ ಗಟ್ಟಿಯಾಗಿ ವಿರೋಧಿಸುವ ಹಾಗೇ ಇಲ್ಲವಲ್ಲ?
(ಇನ್ನೊಬ್ಬ ಓದುಗರು)

ಉತ್ತರ: ನಿಮ್ಮ ಆತಂಕ ನಿಜವಾದದ್ದು. ದಾಳಿಯಾದ ದಿನವೇ ಯಾರದ್ದೋ ತಲೆಗೆ ಕಟ್ಟುವವರು ಇದ್ದೇ ಇರುತ್ತಾರೆ. 2011ರ ಜನವರಿಯಲ್ಲಿ ಅಮೆರಿಕದ ಟೂಸಾನ್‌ನಲ್ಲಿ ಡೆಮಾಕ್ರಟಿಕ್ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ತಲೆಗೆ ಗುಂಡು ಬಿತ್ತು, ಬೇರೆ 6 ಮಂದಿ ಸತ್ತರು. ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಕಡೆಯವರು ಹಿಂದಿನ ವರ್ಷ ಹಾಕಿದ್ದ, ಕ್ಷೇತ್ರಗಳ ಮೇಲೆ ಬಂದೂಕಿನ ಗುರಿಯ ಗುರುತಿದ್ದ ನಕ್ಷೆಯೇ ಕಾರಣ ಎಂದು ಅವತ್ತೇ ಜನ ಹೇಳಿದರು. ಕೊಂದವನು ಅದನ್ನು ನೋಡಿ ಮಾಡಿದ ಎನ್ನುವುದಕ್ಕೆ ಆಧಾರವೇ ಸಿಗಲಿಲ್ಲ. ಅದೇ ವರ್ಷ ಜುಲೈ 22ರಂದು ನಾರ್ವೆಯಲ್ಲಿ 77 ಮಂದಿಯ ಹತ್ಯೆಯಾಯಿತು. ಆಸ್ಲೋದಲ್ಲಿ ಬಾಂಬ್ ಸಿಡಿದ ಮೊದಲ ಗಂಟೆಗಳಲ್ಲಿ ಎಷ್ಟೋ ಜನ ಇದು ಇಸ್ಲಾಮಿಕ್ ಉಗ್ರರ ಕೆಲಸ ಅಂದುಕೊಂಡರು. ಕೊಂದವನು ಮುಸ್ಲಿಮರನ್ನು ದ್ವೇಷಿಸುವ ನಾರ್ವೆಯವನೇ ಆಗಿದ್ದ. ಆದ್ದರಿಂದ ಬೆರಳು ತೋರಿಸುವ ಮೊದಲು ಕಾಯಬೇಕು. ತಲೆ ತಗ್ಗಿಸಿ ಎಂದು ನಾನು ಎಲ್ಲರಿಗೂ ಹೇಳುತ್ತಿಲ್ಲ.

ಆದರೆ ನಾರ್ವೆಯಲ್ಲಿ ಆಮೇಲೆ ನಡೆದದ್ದನ್ನೂ ನೋಡಿ. ಕೊಂದವನು ಇಂಟರ್‌ನೆಟ್ಟಿನಲ್ಲಿ ಹರಿಬಿಟ್ಟ 1500 ಪುಟದಷ್ಟು ಬರಹದಲ್ಲಿ ಬೇರೆಯವರು ಬರೆದದ್ದನ್ನು ಪುಟಗಟ್ಟಲೆ ಎತ್ತಿ ಹಾಕಿಕೊಂಡಿದ್ದ. ಯಾರ ಬರಹ ಎತ್ತಿದ್ದನೋ ಅವರಲ್ಲಿ ಹಲವರು, ನಾವು ಯಾರನ್ನೂ ಕೊಲ್ಲಿ ಎಂದಿಲ್ಲ ಎಂದರು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ನಮ್ಮ ನಾಯಕರು ದೇಶವನ್ನು ಮಾರಿದ ದ್ರೋಹಿಗಳು, ಯುದ್ಧ ಮನೆಬಾಗಿಲಿಗೆ ಬಂದಿದೆ, ಇನ್ನು ಸಮಯವೇ ಇಲ್ಲ ಎಂದು ವರ್ಷಗಟ್ಟಲೆ ಬರೆಯುವುದು, ಅದನ್ನು ಒಬ್ಬ ಅಕ್ಷರಶಃ ನಂಬಿದಾಗ ನನಗೇನೂ ಗೊತ್ತಿಲ್ಲ ಎನ್ನುವುದು, ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಯುದ್ಧ ನಡೆಯುತ್ತಿದೆ ಎಂದು ಹೇಳಿಸಿಕೊಂಡವನು ಸೈನಿಕನ ಹಾಗೇ ಯೋಚಿಸುತ್ತಾನೆ.

ಗಟ್ಟಿಯಾಗಿ ವಿರೋಧಿಸುವುದು ಬೇರೆ, ಎದುರಿನವರು ಮನುಷ್ಯರೇ ಅಲ್ಲ ಎನ್ನುವುದು ಬೇರೆ. ಇದನ್ನು ನನಗೆ ಕಲಿಸಿದವರು ಒಬ್ಬರು ಪ್ರೆಸ್ಸಿನವರು. ನಾನೂ ಹೋರಾಟದಲ್ಲಿದ್ದವಳು. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ಒಂದು ರಾತ್ರಿ ಕರಪತ್ರ ತೆಗೆದುಕೊಂಡು ಹೋದೆ, ಬೆಳಗಾದರೆ ಹಂಚಬೇಕಿತ್ತು. ಕೊನೆಯ ಸಾಲು "ಈ ಕ್ರಿಮಿಗಳನ್ನು ಹೊಸಕಿ ಹಾಕದೆ ಬೇರೆ ದಾರಿಯಿಲ್ಲ" ಎಂದಿತ್ತು. ಮೊಳೆ ಜೋಡಿಸುತ್ತಿದ್ದ ಹಿರಿಯರು ಅಲ್ಲಿಗೆ ಬಂದಾಗ ಕೈ ನಿಲ್ಲಿಸಿದರು. ಕನ್ನಡಕ ಹಣೆಗೇರಿಸಿ, "ಅಲ್ಲಮ್ಮಾ, ಇದನ್ನ ಓದಿದ ಹುಡುಗ ಯಾವನಾದ್ರೂ ನಿಜವಾಗ್ಲೂ ಹೊಸಕಿಬಿಟ್ರೆ?" ಎಂದು ಕೇಳಿದರು. ಅದು ಸುಮ್ನೆ ಮಾತಿಗೆ ಬರೆದದ್ದು ಎಂದೆ. "ಮಾತಿಗೆ ಅಂತ ಇದರಲ್ಲಿ ಬರೆದಿಲ್ಲವಲ್ಲ" ಎಂದರು. ನಾನು ಏನೂ ಹೇಳಲಾಗದೆ ನಿಂತಿದ್ದೆ. ಅವರು ಜೋಡಿಸಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಅದರದರ ಖಾನೆಗೆ ಹಾಕಿದರು. ಆ ಟಕ್ ಟಕ್ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಕೊನೆಯ ಸಾಲಿಲ್ಲದೆ ಕರಪತ್ರ ಹೋಯಿತು. ಅದರಿಂದ ನಮ್ಮ ಬೇಡಿಕೆ ಒಂದು ಚೂರೂ ಸಣ್ಣದಾಗಲಿಲ್ಲ.

ಮೊದಲ ಪತ್ರದವರು ಕೊನೆಯಲ್ಲಿ ಬೇರೆ ಶಾಯಿಯಲ್ಲಿ ಹೀಗೆ ಸೇರಿಸಿದ್ದಾರೆ: "ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ದಾಳಿಗೆ ಮೂರು ವಾರ ಮೊದಲು ಅವನು ಗ್ರೂಪಿನಲ್ಲಿ, ಇವರಿಗೆ ಮಾತು ಅರ್ಥ ಆಗಲ್ಲ, ಬೇರೆ ಭಾಷೆಯೇ ಬೇಕು ಎಂದು ಹಾಕಿದ್ದ. ನಾನು ಅದಕ್ಕೆ ಥಂಬ್ಸ್ ಅಪ್ ಹಾಕಿದ್ದೆ. ಅಡ್ಮಿನ್ ಗ್ರೂಪನ್ನೇ ಡಿಲೀಟ್ ಮಾಡೋಣ ಅನ್ನುತ್ತಿದ್ದಾರೆ. ನನ್ನ ಗುರುತನ್ನಾದರೂ ತೆಗೆದುಬಿಡಲೇ?"

ತೆಗೆಯಬೇಡಿ. ಗ್ರೂಪ್ ಡಿಲೀಟ್ ಮಾಡಲೂ ಬಿಡಬೇಡಿ. ಅದು ಸಾಕ್ಷ್ಯ, ಅಳಿಸಿದರೆ ಅದೇ ಇನ್ನೊಂದು ಅಪರಾಧ ಆಗಬಹುದು. ಒಬ್ಬ ವಕೀಲರನ್ನು ಕಂಡು, ಅವರ ಜೊತೆಗೇ ಹೋಗಿ, ತನಿಖೆ ಮಾಡುತ್ತಿರುವವರಿಗೆ ಫೋನ್ ತೋರಿಸಿ. ಆ ಥಂಬ್ಸ್ ಅಪ್ ಹಾಕಿದಾಗ ನಿಮ್ಮ ಮನಸ್ಸಿನಲ್ಲಿ ಚಾಕು ಇರಲಿಲ್ಲ ಎಂದು ನಾನು ನಂಬುತ್ತೇನೆ. ಕೆಲಸದ ನಡುವೆ, ಅರ್ಧ ಓದಿ, ಬೆರಳು ಆಡಿಸಿರುತ್ತೀರಿ. ಆದರೆ ಅವನು ಫೋನ್ ನೋಡಿದಾಗ ಅವನಿಗೆ ಕಂಡದ್ದು, ಒಂಬತ್ತು ವರ್ಷ ಕೆಲಸ ಮಾಡಿದ ಅಣ್ಣ ಒಬ್ಬರು ಹೌದು ಅಂದದ್ದು. ಆ ಗ್ರೂಪಿನಲ್ಲಿ ಇನ್ನೂ ಯಾರಾದರೂ ಅವನಂತೆ ಬರೆಯುತ್ತಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ. ಮೆಸೇಜು ಬೇಡ, ಫೋನ್ ಮಾಡಿ, ನಿಮ್ಮ ದನಿ ಕೇಳಲಿ.