ನಾಗಸಾಕಿಯಿಂದ ಶಿಮಾಬಾರಾಗೆ ಹೋಗಬಹುದಾ? ಅಲ್ಲಿ ನೋಡಲು ಏನಿದೆ?

ನಾಗಸಾಕಿ ನೋಡಿದ ಮೇಲೆ ಒಂದು ದಿನ ಮಿಗುತ್ತದೆ, ಶಿಮಾಬಾರಾ ಹೇಗೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಸಾಧ್ಯವಾದರೆ ರಾತ್ರಿ ಅಲ್ಲೇ ಉಳಿಯಿರಿ. ಕ್ಯುಶು ದ್ವೀಪದಲ್ಲಿ ನನಗೆ ತುಂಬಾ ಇಷ್ಟವಾದ ಊರು ಇದು.

ಮುಂದೆ ಅರಿಯಾಕೆ ಸಮುದ್ರ, ಬೆನ್ನಿಗೆ ಉನ್‌ಜೆನ್ ಜ್ವಾಲಾಮುಖಿ. ಇವೆರಡರ ನಡುವಿನ ಇಳಿಜಾರಿನಲ್ಲಿ ಊರು. ಊರಿನ ತಲೆಯ ಮೇಲೆಯೇ ಮಯುಯಾಮಾ ಬೆಟ್ಟ. 1792ರಲ್ಲಿ ಭೂಕಂಪವಾಗಿ ಈ ಬೆಟ್ಟದ ಒಂದು ಪಕ್ಕ ಕುಸಿದು ಸಮುದ್ರಕ್ಕೆ ಬಿತ್ತು. ಆಗ ಎದ್ದ ಸುನಾಮಿ ಆಚೆ ದಡದ ಕುಮಾಮೊಟೊಗೂ ಬಡಿಯಿತು. ಎರಡೂ ಕಡೆ ಸೇರಿ ಸುಮಾರು 15,000 ಜನ ಸತ್ತರು. ಬಂದರಿನ ಹತ್ತಿರ ಕಾಣುವ ಪುಟ್ಟ ದ್ವೀಪಗಳು ಅಂದು ಬಿದ್ದ ಬೆಟ್ಟದ ಚೂರುಗಳೇ.

ಅದೇ ಸಮಯದಲ್ಲಿ ಊರಿನೊಳಗೆ ನೀರಿನ ಬುಗ್ಗೆಗಳೂ ಎದ್ದವು. ನೀವು ನೋಡಬೇಕಾದದ್ದು ಮುಖ್ಯವಾಗಿ ಈ ನೀರನ್ನು. ಒಂದು ಬೀದಿಯ ಪಕ್ಕದ ಕಾಲುವೆಯಲ್ಲಿ ಬಣ್ಣಬಣ್ಣದ ಕೊಯ್ ಮೀನುಗಳು ಓಡಾಡುತ್ತವೆ. ಸಮುರಾಯ್ ಮನೆಗಳಿರುವ ಬೀದಿಯಲ್ಲಿ ರಸ್ತೆಯ ನಟ್ಟನಡುವೆ ಕಾಲುವೆ ಹರಿಯುತ್ತದೆ. ಹಿಂದೆ ಕುಡಿಯುವ ನೀರಿಗೆ ಅದೇ ಆಧಾರ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಮಾನೊಕಾವಾ ಬುಗ್ಗೆ. ಅದರ ತೊಟ್ಟಿಯನ್ನು ನಾಲ್ಕು ಭಾಗ ಮಾಡಿದ್ದಾರೆ. ಯಾವ ಭಾಗದಲ್ಲಿ ತರಕಾರಿ, ಯಾವುದರಲ್ಲಿ ಪಾತ್ರೆ, ಯಾವುದರಲ್ಲಿ ಬಟ್ಟೆ ಅಂತ ಕಟ್ಟುನಿಟ್ಟು. ಎಷ್ಟು ಅಚ್ಚುಕಟ್ಟು ನೋಡಿ!

ಬಿಳಿ ಕೋಟೆಯೂ ಇದೆ. 1637ರ ಕ್ರೈಸ್ತ ರೈತರ ದಂಗೆಯಲ್ಲಿ ಮುತ್ತಿಗೆಗೆ ಒಳಗಾದ ಕೋಟೆ. ಈಗಿನ ಗೋಪುರ ಮಾತ್ರ 1964ರಲ್ಲಿ ಮತ್ತೆ ಕಟ್ಟಿದ್ದು. ಸಮಯ ಕಮ್ಮಿ ಇದ್ದರೆ ಹೊರಗಿಂದ ನೋಡಿದರೆ ಸಾಕು.

ಉಳಿದ ಸಮಯವನ್ನು ಉನ್‌ಜೆನ್ ಸ್ಫೋಟದ ಕತೆ ಹೇಳುವ ಗಾಮದಾಸು ಡೋಮ್ ಮ್ಯೂಸಿಯಂಗೆ ಕೊಡಿ. 1990ರಲ್ಲಿ ಉನ್‌ಜೆನ್ ಮತ್ತೆ ಸಿಡಿಯಿತು. 1991ರ ಜೂನ್ 3ರಂದು ಇಳಿಜಾರಿನಲ್ಲಿ ನುಗ್ಗಿ ಬಂದ ಬಿಸಿ ಬೂದಿ, ಅನಿಲದ ಹೊನಲಿಗೆ 43 ಜನ ಬಲಿಯಾದರು. ಆಮೇಲೆ ಕೆಸರಿನ ಪ್ರವಾಹದಲ್ಲಿ ಚಾವಣಿವರೆಗೂ ಹೂತುಹೋದ ಮನೆಗಳನ್ನು ಹಾಗೇ ಉಳಿಸಿ ಜನರಿಗೆ ತೋರಿಸುತ್ತಿದ್ದಾರೆ. ತಪ್ಪದೆ ನೋಡಿ. ಆ ಸ್ಫೋಟದಲ್ಲಿ ಹುಟ್ಟಿದ ಹೊಸ ಶಿಖರ ಹೇಸೇಯ್ ಶಿನ್‌ಜಾನ್ 1,483 ಮೀಟರ್ ಎತ್ತರವಿದೆ.

ಸಸ್ಯಾಹಾರಿಗಳಾದರೆ ಕಾನ್‌ಜರಾಶಿ ತಿನ್ನಿ. ಅಕ್ಕಿಹಿಟ್ಟಿನ ಗೋಲಿ ಗಾತ್ರದ ಉಂಡೆಗಳನ್ನು ಬುಗ್ಗೆಯ ನೀರಿನಲ್ಲಿ ತಣ್ಣಗೆ ಮಾಡಿ ಸಿಹಿ ಪಾಕದಲ್ಲಿ ಕೊಡುತ್ತಾರೆ. ಊರಿನ ಇನ್ನೊಂದು ಹೆಸರಾಂತ ಅಡುಗೆ ಗುಜೋನಿ, ಅಂದರೆ ಅಂಟಕ್ಕಿಯ ಉಂಡೆ, ತರಕಾರಿ ಹಾಕಿದ ಸೂಪು. ಅದರಲ್ಲಿ ಸಾಮಾನ್ಯವಾಗಿ ಕೋಳಿ, ಮೀನು ಇರುತ್ತದೆ, ಕೇಳಿಕೊಂಡು ತಗೊಳ್ಳಿ.

ನಾಗಸಾಕಿಯಿಂದ ಇಸಾಹಾಯಾವರೆಗೆ ರೈಲು, ಅಲ್ಲಿಂದ ಶಿಮಾಬಾರಾ ರೈಲ್ವೆಯ ಪುಟ್ಟ ಗಾಡಿ. ಇದು ಕಡಲ ಅಂಚಿನಲ್ಲೇ ಹೋಗುತ್ತದೆ, ಎಡಗಡೆ ಕೂತುಕೊಳ್ಳಿ. ವಾಪಸ್ ಅದೇ ದಾರಿಯಲ್ಲಿ ಬರಬೇಡಿ. ಶಿಮಾಬಾರಾ ಬಂದರಿನಿಂದ ಕುಮಾಮೊಟೊಗೆ ಫೆರ್ರಿ ಇದೆ, ವೇಗದ್ದಾದರೆ ಸುಮಾರು ಅರ್ಧ ಗಂಟೆ. ಡೆಕ್ ಮೇಲೆ ಹಿಂದಕ್ಕೆ ಮುಖ ಮಾಡಿ ನಿಂತರೆ ಮಯುಯಾಮಾ ಕುಸಿದ ಜಾಗವೂ ಆ ದ್ವೀಪಗಳೂ ಒಟ್ಟಿಗೆ ಕಾಣುತ್ತವೆ.